ಉತ್ತರ ಕೊಡದ ಜೊತೆಗಾರ



ನಿಮ್ಮಲ್ಲಿ ಹಲವರ ಮಕ್ಕಳು, ಕೆಲವೆಡೆ ಸ್ವತಃ ನೀವೇ, ಗಿಟಾರ್ ಕಲಿಯುತ್ತಿದ್ದೀರಿ. ಅದರಲ್ಲೂ ಅಮೆರಿಕದ ಬ್ಲೂಸ್ ಸಂಗೀತದ ಮೋಹ ನಮ್ಮ ಬಳಗದಲ್ಲಿ ಈಚೆಗೆ ಹೆಚ್ಚಿರುವುದು ನನಗೆ ಸಂತೋಷದ ಸಂಗತಿಯೇ. ಆದರೆ ಅದನ್ನು ನೀವು ಅಭ್ಯಾಸ ಮಾಡುತ್ತಿರುವ ಬಗೆಯ ಮೇಲೆ ನನಗೊಂದು ತಕರಾರಿದೆ. ತಕರಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡು "ಬಹಳ ಚೆನ್ನಾಗಿದೆ, ಮುಂದುವರಿಸು" ಎಂದು ಮಿಂಚಂಚೆಗೆ ಉತ್ತರಿಸುವುದು ಮೇಷ್ಟರಾದವನಿಗೆ ಒಪ್ಪುವ ನಡತೆಯಲ್ಲ. ಆದ್ದರಿಂದ ಎಲ್ಲರಿಗೂ ಒಟ್ಟಾಗಿ ಬರೆಯುತ್ತಿದ್ದೇನೆ.

ನನ್ನ ವಿರೋಧ ಬ್ಯಾಕಿಂಗ್ ಟ್ರ್ಯಾಕ್ ಎಂಬ ವಸ್ತುವಿನ ಮೇಲಲ್ಲ, ಅದಕ್ಕೆ ನೀವು ಕೊಟ್ಟಿರುವ ಪದವಿಯ ಮೇಲೆ. ಅದರ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು: ಡ್ರಮ್ಸ್, ಬಾಸ್ ಗಿಟಾರ್, ಪಿಯಾನೊ ಮೊದಲಾದ ಪಕ್ಕವಾದ್ಯಗಳನ್ನಷ್ಟೇ ಮುದ್ರಿಸಿ, ಮುಖ್ಯವಾದ್ಯದ ಜಾಗವನ್ನು ಖಾಲಿ ಬಿಟ್ಟ ಧ್ವನಿಮುದ್ರಿಕೆ ಅದು. ಕಲಿಯುವವನು ಅದನ್ನು ಹಾಕಿಕೊಂಡು, ಖಾಲಿ ಬಿಟ್ಟ ಜಾಗದಲ್ಲಿ ತನ್ನ ಮನೋಧರ್ಮವನ್ನು ನುಡಿಸಬೇಕು. ಇದು ಹೊಸ ಉಪಾಯವೇನೂ ಅಲ್ಲ. ಮುಖ್ಯವಾದ್ಯವನ್ನು ಬಿಟ್ಟು ಮುದ್ರಿಸಿದ ತಟ್ಟೆಗಳನ್ನು 'ಮ್ಯೂಸಿಕ್ ಮೈನಸ್ ಒನ್' ಎಂಬ ಅಮೆರಿಕದ ಕಂಪನಿ 1950ರಲ್ಲಿಯೇ ಹೊರತರಲು ಆರಂಭಿಸಿತು. ಇಂಡಿಯಾನಾ ರಾಜ್ಯದ ಜೇಮಿ ಏಬರ್‌ಸೋಲ್ಡ್ ಎಂಬ ಜಾಝ್ ಶಿಕ್ಷಕರು 1967ರಲ್ಲಿ ಇಂಥದೊಂದು ಮಾಲೆಯನ್ನು ಆರಂಭಿಸಿ, ಮುಂದೆ ನೂರಕ್ಕೂ ಮಿಕ್ಕಿ ಸಂಪುಟಗಳನ್ನು ತಂದರು. ಅವರ ತಟ್ಟೆಗಳಲ್ಲಿ ಒಂದು ಜಾಣ ವ್ಯವಸ್ಥೆಯಿತ್ತು. ಸ್ಟೀರಿಯೊದ ಒಂದು ಬದಿಗೆ ಬಾಸ್, ಇನ್ನೊಂದು ಬದಿಗೆ ಪಿಯಾನೊ ಇರುತ್ತಿದ್ದುದರಿಂದ, ಬಾಸ್ ಕಲಿಯುವವನು ಒಂದು ಬದಿಯನ್ನು ಮುಚ್ಚಿ ಉಳಿದವರೊಡನೆ ನುಡಿಸಬಹುದಿತ್ತು. ಗಣಕಯಂತ್ರವೇ ಪಕ್ಕವಾದ್ಯ ನುಡಿಸುವ 'ಬ್ಯಾಂಡ್ ಇನ್ ಎ ಬಾಕ್ಸ್' ಎಂಬ ತಂತ್ರಾಂಶ 1990ರಲ್ಲಿ ಕೆನಡಾದಿಂದ ಬಂತು. ಈಗ ಅದೆಲ್ಲ ಕಿಸೆಯಲ್ಲಿರುವ ಫೋನಿನಲ್ಲೇ ಇದೆ. 'ಎ' ಶ್ರುತಿಯ ನಿಧಾನ ಬ್ಲೂಸ್ ಬೇಕೆಂದರೆ ಸಾಕು, ಹತ್ತು ನಿಮಿಷದ ಟ್ರ್ಯಾಕುಗಳು ಲೆಕ್ಕವಿಲ್ಲದಷ್ಟು ಸಿಗುತ್ತವೆ.

"ಇನ್ನು ಜೊತೆಗಾರರ ಹಂಗೇ ಇಲ್ಲ ಸರ್" ಎಂದು ಹಳೆಯ ವಿದ್ಯಾರ್ಥಿಯೊಬ್ಬ ನನಗೆ ಹೆಮ್ಮೆಯಿಂದ ಬರೆದ. ಆ 'ಹಂಗು' ಎಂಬ ಮಾತೇ ಈ ಬರಹಕ್ಕೆ ಕಾರಣ. ಜೊತೆಗಾರನ ಹಂಗನ್ನು ಕಳೆದುಕೊಂಡರೆ ಬ್ಲೂಸ್ ಮನೋಧರ್ಮದಲ್ಲಿ ಉಳಿಯುವುದು ಬೆರಳುಗಳ ಕಸರತ್ತು ಮಾತ್ರ ಎಂಬುದು ನನ್ನ ವಾದ.

ನಾನು ಗಿಟಾರ್ ನುಡಿಸುವವನಲ್ಲ. ಆ ಆಕ್ಷೇಪಣೆಯನ್ನು ನೀವು ಎತ್ತುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಮೂವತ್ತಾರು ವರ್ಷ ಮಕ್ಕಳಿಗೆ ಮಾತಾಡಲು ಕಲಿಸಿದ್ದೇನೆ. ಚರ್ಚಾಸ್ಪರ್ಧೆಗೆ ಭಾಷಣ ಬಾಯಿಪಾಠ ಮಾಡಿಕೊಂಡು ಬಂದವನಿಗೂ, ಎದುರಾಳಿ ಹೇಳಿದ್ದಕ್ಕೆ ನಿಂತ ನಿಲುವಿನಲ್ಲೇ ಉತ್ತರ ಹುಡುಕಿದವನಿಗೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು. ಈ ವಿಷಯದಲ್ಲಿ ನನ್ನ ಅಧಿಕಾರ ಅಷ್ಟೇ, ಅಷ್ಟು ಸಾಕು ಎಂದುಕೊಂಡಿದ್ದೇನೆ.

ಮೊದಲು ಬ್ಲೂಸ್‌ನ ಕಟ್ಟಡವನ್ನು ನೋಡೋಣ. ನೀವೆಲ್ಲ ಬಾಯಿಪಾಠ ಮಾಡಿಕೊಂಡಿರುವ ಹನ್ನೆರಡು ಬಾರ್‌ಗಳ ಲೆಕ್ಕ ಹೀಗಿದೆ: ಒಂದೊಂದು ಬಾರ್‌ಗೆ ನಾಲ್ಕು ಎಣಿಕೆ. ಮೊದಲ ನಾಲ್ಕು ಬಾರ್ ಷಡ್ಜದ ಸ್ವರಗುಚ್ಛ, ಮುಂದಿನ ಎರಡು ಮಧ್ಯಮದ್ದು, ಮತ್ತೆರಡು ಷಡ್ಜದ್ದು, ಬಳಿಕ ಪಂಚಮ ಒಂದು, ಮಧ್ಯಮ ಒಂದು, ಕೊನೆಗೆ ಷಡ್ಜಕ್ಕೆ ಮರಳಿ ಎರಡು. ಇದನ್ನು ಮೂರು ಸ್ವರಗುಚ್ಛಗಳ ಗಣಿತವೆಂದು ಕಲಿಸುತ್ತಾರೆ. ಆದರೆ ಈ ಗಣಿತ ಹುಟ್ಟಿದ್ದು ಹಾಡಿನ ಸಾಲುಗಳಿಂದ. ಹಾಡುಗಾರ ಒಂದು ಸಾಲು ಹೇಳುತ್ತಾನೆ, ಅದನ್ನೇ ಮತ್ತೊಮ್ಮೆ ಹೇಳುತ್ತಾನೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಮುಕ್ತಾಯ ಕೊಡುತ್ತಾನೆ. ಒಂದೊಂದು ಸಾಲಿಗೆ ನಾಲ್ಕು ಬಾರ್‌ಗಳ ಜಾಗವಿದೆ. ಆದರೆ ಮಾತು ಸಾಮಾನ್ಯವಾಗಿ ಎರಡು ಬಾರ್‌ಗಳಲ್ಲಿ, ಹೆಚ್ಚೆಂದರೆ ಮೂರನೆಯದರ ಮೊದಲಲ್ಲಿ, ಮುಗಿದುಹೋಗುತ್ತದೆ. ಉಳಿದ ಜಾಗ ಯಾರದು? ಉತ್ತರ ಕೊಡುವವನದು. ಹಾಡು ನಿಂತಾಗ ಗಿಟಾರ್ ಮಾತಾಡುತ್ತದೆ, ಅಥವಾ ಹಾರ್ಮೋನಿಕ, ಅಥವಾ ಪಿಯಾನೊ. ಅಂದರೆ ಹನ್ನೆರಡು ಬಾರ್ ಎನ್ನುವುದು ಮೂರು ಮಾತು, ಮೂರು ಉತ್ತರಗಳ ಕಟ್ಟು. ಮೌನವನ್ನು ಅದರ ನಕ್ಷೆಯಲ್ಲಿಯೇ ಬರೆದಿಡಲಾಗಿದೆ.

ಈಗ ನಿಮ್ಮ ಅಭ್ಯಾಸವನ್ನು ಈ ನಕ್ಷೆಯ ಮೇಲಿಟ್ಟು ಲೆಕ್ಕ ಹಾಕಿ. ನಿಮಿಷಕ್ಕೆ 60 ಎಣಿಕೆಯ ನಿಧಾನಗತಿಯಲ್ಲಿ ಒಂದು ಸುತ್ತಿಗೆ 48 ಎಣಿಕೆ, ಅಂದರೆ 48 ಸೆಕೆಂಡು. ಹತ್ತು ನಿಮಿಷದ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು ಬರುತ್ತದೆ. ಷಿಕಾಗೋದ ಯಾವ ವೇದಿಕೆಯಲ್ಲೂ ಒಬ್ಬ ಅತಿಥಿಗೆ ಎಡೆಬಿಡದೆ ಹನ್ನೆರಡು ಸುತ್ತು ಮಾತಾಡಲು ಬಿಡುವುದಿಲ್ಲ. ಎರಡೋ ಮೂರೋ ಸುತ್ತು ನುಡಿಸಿ ಮುಂದಿನವನಿಗೆ ತಲೆಯಾಡಿಸಿ ಹಿಂದೆ ಸರಿಯಬೇಕು. ಹಿಂದೆ ಸರಿದ ಮೇಲೆ ಕೆಲಸ ಮುಗಿಯಿತೆಂದಲ್ಲ, ಇನ್ನೊಬ್ಬನ ಮಾತಿಗೆ ಆಧಾರವಾಗಿ ಮೆಲ್ಲಗೆ ಸ್ವರಗುಚ್ಛ ಹಿಡಿಯುವ ಕೆಲಸ ಆಗ ಆರಂಭವಾಗುತ್ತದೆ. ಟ್ರ್ಯಾಕ್ ನಿಮಗೆ ಕಲಿಸುತ್ತಿರುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಹತ್ತು ನಿಮಿಷ ನೀವೊಬ್ಬರೇ ಮಾತಾಡಬಹುದು, ಯಾರೂ ಎದ್ದು ಹೋಗುವುದಿಲ್ಲ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಮದುವೆಮನೆಯಲ್ಲಿ ಇಂಥ ಮಾತುಗಾರರ ಪಕ್ಕ ಊಟಕ್ಕೆ ಕುಳಿತ ಅನುಭವ ನಮಗೆಲ್ಲ ಇದೆ.

ಬ್ಲೂಸ್‌ಗೆ ಉತ್ತರ ಯಾಕೆ ಅಷ್ಟು ಮುಖ್ಯವಾಯಿತು ಎಂಬುದಕ್ಕೆ ಚರಿತ್ರೆಯ ಕಾರಣವಿದೆ. ಈ ಸಂಗೀತ ಬಂದದ್ದು ಅಮೆರಿಕದ ದಕ್ಷಿಣದ ಕಪ್ಪುಜನರಿಂದ, ವಿಶೇಷವಾಗಿ ಮಿಸಿಸಿಪಿಯ ಹತ್ತಿಹೊಲಗಳಲ್ಲಿ ಗೇಣಿಗೆ ದುಡಿಯುತ್ತಿದ್ದವರಿಂದ. ನ್ಯಾಯಾಲಯ ಅವರ ಮಾತಿಗೆ ಕಿವಿಗೊಡಲಿಲ್ಲ, ಹೊಲದ ಧಣಿ ಕಿವಿಗೊಡಲಿಲ್ಲ, ಮತಪೆಟ್ಟಿಗೆ ಅವರಿಗೆ ಮುಚ್ಚಿತ್ತು. ಒಬ್ಬ ಕೂಗಿದರೆ ಇನ್ನೊಬ್ಬ ಓಗೊಡುತ್ತಿದ್ದುದು ಹೊಲದಲ್ಲಿ, ಕೆಲಸದ ಸಾಲಿನಲ್ಲಿ, ಚರ್ಚಿನಲ್ಲಿ. ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1947–48ರಲ್ಲಿ ಮಿಸಿಸಿಪಿಯ ಪಾರ್ಚ್‌ಮನ್ ಸೆರೆಮನೆಯ ಕೈದಿಗಳ ಕೆಲಸದ ಹಾಡುಗಳನ್ನು ಮುದ್ರಿಸಿಕೊಂಡರು. ಅವನ್ನು ಕೇಳಿ ನೋಡಿ. ಒಬ್ಬ ಸಾಲು ಎತ್ತುತ್ತಾನೆ, ಉಳಿದವರು ಉತ್ತರಿಸುತ್ತಾರೆ, ನಡುವೆ ಕೊಡಲಿ ಬೀಳುವ ಸದ್ದು. ಓಗೊಡುವವರು ಇದ್ದಾರೆಂಬ ಭರವಸೆಯಿಲ್ಲದೆ ಎತ್ತುವವನು ಎತ್ತಲಾರ. ಇಂಥ ಓಗೊಡುವಿಕೆ ಬ್ಲೂಸ್‌ನೊಳಕ್ಕೆ ಹರಿದುಬಂತು. ನಾನು ಹೇಳಿದ್ದು ಇನ್ನೊಬ್ಬನಿಗೆ ಕೇಳಿಸಿತು ಎಂಬುದಕ್ಕೆ ಸಿಗುವ ಸಾಕ್ಷಿ ಅದು. ಅಂಥ ಸಂಗೀತವನ್ನು, ಏನು ಹೇಳಿದರೂ ಕೇಳಿಸಿಕೊಳ್ಳದ ಜೊತೆಗಾರನೊಡನೆ ವರ್ಷಗಟ್ಟಲೆ ಅಭ್ಯಾಸ ಮಾಡುವುದು ಎಂಥ ವಿಪರ್ಯಾಸವೆಂದು ಯೋಚಿಸಿ.

1964ರ ನವೆಂಬರ್ 21ರಂದು ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ಬಿ. ಬಿ. ಕಿಂಗ್ ನಡೆಸಿದ ಕಛೇರಿಯ ಮುದ್ರಿಕೆ ನಿಮ್ಮಲ್ಲಿ ಹೆಚ್ಚಿನವರ ಬಳಿ ಇದೆ. ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ, ಗಿಟಾರ್ ನುಡಿಯುವಾಗ ಬಾಯಿ ಸುಮ್ಮನಿರುತ್ತದೆ. ಎರಡನ್ನೂ ಒಟ್ಟಿಗೆ ಮಾಡಲು ತನಗೆ ಬಾರದೆಂದು ಅವರೇ ಹಲವು ಸಲ ಹೇಳಿಕೊಂಡಿದ್ದರು. ಆ ಮುದ್ರಿಕೆಯಲ್ಲಿ ಮೂರನೆಯದೊಂದು ವಾದ್ಯವೂ ಇದೆ: ಸಭೆ. ಒಂದು ಸ್ವರವನ್ನು ಎಳೆದು ಬಿಟ್ಟಾಗ ಹೆಂಗಸರು ಕೂಗುತ್ತಾರೆ. ಆ ಕೂಗು ಇಳಿಯುವವರೆಗೆ ಅವರು ಕಾಯುತ್ತಾರೆ. ಆಮೇಲೆ ಮುಂದಿನ ಸ್ವರ. ನೀವು ಅಭ್ಯಾಸ ಮಾಡುವುದು ಅವರು ನುಡಿಸಿದ ಸ್ವರಗಳನ್ನು. ಅವರು ಕಾದ ಕಾಲವನ್ನು ಯಾರು ಅಭ್ಯಾಸ ಮಾಡುತ್ತಾರೆ? ಆ ಕಾಯುವಿಕೆ ಯಾವ ಟ್ರ್ಯಾಕಿನಲ್ಲೂ ಸಿಗುವುದಿಲ್ಲ, ಏಕೆಂದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ.

ಇನ್ನೊಂದು ನಷ್ಟವಿದೆ. ಟ್ರ್ಯಾಕ್ ಬ್ಲೂಸನ್ನು ಹನ್ನೆರಡು ಬಾರ್‌ಗಳ ಅಚ್ಚಿಗೆ ಹೊಯ್ದು ಗಟ್ಟಿ ಮಾಡುತ್ತದೆ. ಆದರೆ ಹಳಬರು ಯಾರೂ ಆ ಅಚ್ಚಿಗೆ ಗುಲಾಮರಾಗಿರಲಿಲ್ಲ. ರಾಬರ್ಟ್ ಜಾನ್ಸನ್ನರ ಮುದ್ರಿಕೆಗಳಲ್ಲಿ ಎಣಿಸುತ್ತ ಹೋದರೆ ಕೆಲವು ಕಡೆ ಒಂದೆರಡು ಎಣಿಕೆ ಹೆಚ್ಚು, ಕೆಲವು ಕಡೆ ಕಡಿಮೆ. ಟೆಕ್ಸಸ್‌ನ ಲೈಟ್ನಿನ್ ಹಾಪ್ಕಿನ್ಸ್ ತಮ್ಮ ಮಾತು ಮುಗಿದಾಗ ಸ್ವರಗುಚ್ಛ ಬದಲಿಸುತ್ತಿದ್ದರು, ಬಾರ್ ಮುಗಿದಾಗ ಅಲ್ಲ; ಜೊತೆಗೆ ನುಡಿಸುವವರು ಅವರ ಕೈಯನ್ನೇ ನೋಡುತ್ತಿರಬೇಕಿತ್ತು. ಜಾನ್ ಲೀ ಹೂಕರ್ 1948ರಲ್ಲಿ ಡೆಟ್ರಾಯಿಟಿನಲ್ಲಿ ಮುದ್ರಿಸಿ ಹೆಸರಾದ 'ಬೂಗಿ ಚಿಲ್ಲೆನ್' ಹಾಡಿನಲ್ಲಿ ನೀವು ಬಾಯಿಪಾಠ ಮಾಡಿದ ಮೂರು ಸ್ವರಗುಚ್ಛಗಳ ಸುತ್ತೇ ಇಲ್ಲ. ಕಂಠ, ಗಿಟಾರ್, ನೆಲಕ್ಕೆ ಬಡಿಯುವ ಪಾದ, ಇಷ್ಟೇ. ಇವರೊಡನೆ ನುಡಿಸಬೇಕಾದರೆ ಎಣಿಕೆ ಸಾಲದು, ಕಿವಿ ಬೇಕು. ಟ್ರ್ಯಾಕಿನೊಡನೆ ನುಡಿಸಲು ಎಣಿಕೆ ಸಾಕು. ಎಷ್ಟೋ ಟ್ರ್ಯಾಕುಗಳಲ್ಲಿ ಮುಂದಿನ ಸ್ವರಗುಚ್ಛ ಯಾವುದೆಂದು ತೆರೆಯ ಮೇಲೆ ಬರೆದೇ ತೋರಿಸುವುದರಿಂದ ಅದೂ ಬೇಕಾಗಿಲ್ಲ.

ಇದು ಬರಿಯ ಊಹೆಯಲ್ಲ ಎನ್ನಲು ನಾನು ಕಂಡದ್ದೊಂದನ್ನು ಹೇಳುತ್ತೇನೆ. ನಮ್ಮ ಬಂಧುಗಳ ಹುಡುಗನೊಬ್ಬ ನಾಲ್ಕು ವರ್ಷ ಕೋಣೆಯಲ್ಲಿ ಟ್ರ್ಯಾಕುಗಳೊಡನೆ ಸಾಧನೆ ಮಾಡಿದ್ದ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ಕೈ ಬಹಳ ಚುರುಕು. ಒಂದು ಭಾನುವಾರ ಬಾಸ್ ಗಿಟಾರ್ ನುಡಿಸುವ ಅವನ ಸ್ನೇಹಿತನೊಬ್ಬ ಮನೆಗೆ ಬಂದಿದ್ದಾಗ ಇಬ್ಬರನ್ನೂ ಕೂರಿಸಿದೆವು. ಎರಡನೆಯ ಸುತ್ತಿನಲ್ಲಿ ಸ್ನೇಹಿತ ತನ್ನ ನುಡಿಸಾಣಿಕೆಯನ್ನು ಬೇಕೆಂದೇ ತಗ್ಗಿಸಿದ, 'ಈಗ ಮೆಲ್ಲಗೆ ಹೋಗೋಣ' ಎನ್ನುವ ಹಾಗೆ. ನಮ್ಮ ಹುಡುಗನಿಗೆ ಅದು ಕೇಳಿಸಲೇ ಇಲ್ಲ. ನಾಲ್ಕನೆಯ ಸುತ್ತಿನಲ್ಲಿ ಸ್ನೇಹಿತ ಒಂದು ಪುಟ್ಟ ತುಣುಕನ್ನು ಎಸೆದು ನಿಲ್ಲಿಸಿದ, ಉತ್ತರಕ್ಕೆ ಕಾಯುವವನಂತೆ ತಲೆಯೆತ್ತಿ ನೋಡಿದ. ನಮ್ಮವನು ಕಣ್ಣು ಮುಚ್ಚಿಕೊಂಡು ನುಡಿಸುತ್ತಲೇ ಇದ್ದ. ಐದನೆಯ ಸುತ್ತಿನಲ್ಲಿ ಸ್ನೇಹಿತ ಪೂರ್ತಿ ನಿಲ್ಲಿಸಿ ಕೈಕಟ್ಟಿ ಕುಳಿತ; ಅರ್ಧ ಸುತ್ತು ಕಳೆದ ಮೇಲೆಯೇ ಇವನು ಕಣ್ಣು ತೆರೆದದ್ದು. ಯಾರೂ ನಗಲಿಲ್ಲ. ಸಂಜೆ ಅವನೇ ನನ್ನ ಬಳಿ ಬಂದು, "ಅಜ್ಜ, ಅವನು ನಿಲ್ಲಿಸಿದ್ದು ನನಗೆ ಗೊತ್ತೇ ಆಗಲಿಲ್ಲ" ಎಂದ. ದನಿಯಲ್ಲಿ ಅವಮಾನಕ್ಕಿಂತ ದಿಗಿಲು ಹೆಚ್ಚಿತ್ತು. ನಾಲ್ಕು ವರ್ಷದ ಸಾಧನೆ ಅವನ ಬೆರಳನ್ನು ತೆರೆದಿತ್ತು, ಕಿವಿಯನ್ನು ಮುಚ್ಚಿತ್ತು. ತಪ್ಪು ಹುಡುಗನದಲ್ಲ. ಕೇಳಿಸಿಕೊಳ್ಳಬೇಕಾದ ಪ್ರಸಂಗವೇ ಅವನಿಗೆ ಎಂದೂ ಬಂದಿರಲಿಲ್ಲ.

ಈಗ ನಿಮ್ಮ ವಾದಗಳಿಗೆ ಬರುತ್ತೇನೆ. ಅವುಗಳಲ್ಲಿ ಹುರುಳಿಲ್ಲದಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ.

ಮೊದಲನೆಯದು: "ದೊಡ್ಡವರೂ ಮುದ್ರಿಕೆಗಳೊಡನೆಯೇ ಕಲಿತರಲ್ಲವೇ?" ನಿಜ. 1961ರಲ್ಲಿ ಕೊಲಂಬಿಯಾ ಕಂಪನಿ ರಾಬರ್ಟ್ ಜಾನ್ಸನ್ನರ ಹಾಡುಗಳನ್ನು ದೀರ್ಘಾವಧಿ ತಟ್ಟೆಯಲ್ಲಿ ಮತ್ತೆ ಹೊರತಂದಾಗ, ಇಂಗ್ಲೆಂಡಿನ ಹುಡುಗರು ಅದನ್ನು ತಿರುಗಿಸಿ ತಿರುಗಿಸಿ ಕೇಳಿ ಕಲಿತರು. ಎರಿಕ್ ಕ್ಲಾಪ್ಟನ್ ಅವರಲ್ಲಿ ಒಬ್ಬರು. ಬ್ಲೂಸ್‌ನ ನೆರೆಮನೆಯಾದ ಜಾಝ್‌ನ ಚಾರ್ಲಿ ಪಾರ್ಕರ್ 1937ರ ಬೇಸಗೆಯಲ್ಲಿ ಓಝಾರ್ಕ್ ಬೆಟ್ಟಗಳಲ್ಲಿ ಕುಳಿತು ಲೆಸ್ಟರ್ ಯಂಗ್ ನುಡಿಸಿದ ತಟ್ಟೆಗಳಿಂದ ಅಭ್ಯಾಸ ಮಾಡಿದರು. ಆದರೆ ಇಲ್ಲಿರುವ ಅಂತರವನ್ನು ಗಮನಿಸಿ. ಆ ತಟ್ಟೆಯಲ್ಲಿ ಲೆಸ್ಟರ್ ಯಂಗ್ ಇದ್ದರು. ಕಲಿಯುವವನ ಕೆಲಸ ಕಿವಿಗೊಡುವುದಾಗಿತ್ತು. ಒಂದು ತುಣುಕನ್ನು ನೂರು ಸಲ ಕೇಳಿ, ಉಸಿರು ಎಲ್ಲಿ ತೆಗೆದರು, ಎಲ್ಲಿ ಬಿಟ್ಟರು ಎಂದು ಹುಡುಕುವುದಾಗಿತ್ತು. ಬ್ಯಾಕಿಂಗ್ ಟ್ರ್ಯಾಕ್ ಮಾಡುವುದು ಗುರುವನ್ನು ಪೀಠದಿಂದ ಎಬ್ಬಿಸಿ ಶಿಷ್ಯನನ್ನು ಕೂರಿಸುವ ಕೆಲಸ. ಒಂದರಲ್ಲಿ ಕೇಳುವ ಅಭ್ಯಾಸ, ಇನ್ನೊಂದರಲ್ಲಿ ಹೇಳುವ ಅಭ್ಯಾಸ. ಎರಡನ್ನೂ 'ಮುದ್ರಿಕೆಯೊಡನೆ ಕಲಿಯುವುದು' ಎಂದು ಒಂದೇ ಚೀಲದಲ್ಲಿ ಹಾಕಬೇಡಿ.

ಈಗಿನ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಯಾವ ಹಾಡಿನಿಂದ ಬೇಕಾದರೂ ಗಿಟಾರನ್ನು ಬೇರ್ಪಡಿಸಿ ತೆಗೆದುಹಾಕಬಹುದಂತೆ. ಬಿ. ಬಿ. ಕಿಂಗ್ ಅವರ ಹಾಡಿನಿಂದ ಅವರ ಗಿಟಾರನ್ನೇ ಅಳಿಸಿ, ಆ ಜಾಗದಲ್ಲಿ ತಾನು ನುಡಿಸಿದ್ದನ್ನು ಒಬ್ಬರು ಕಳುಹಿಸಿದ್ದರು. ನನಗೆ ಕೇಳಲು ಒಂದು ಬಗೆಯ ಸಂಕಟವಾಯಿತು. ಡ್ರಮ್ಸ್‌ನವನು ಒಂದು ಕಡೆ ಚಕ್ಕೆಂದು ಬಡಿದು ಮೆಚ್ಚುಗೆ ಸೂಚಿಸುತ್ತಾನೆ, ಪಿಯಾನೊದವನು ಒಂದು ತುಣುಕನ್ನು ಪ್ರತಿಧ್ವನಿಸುತ್ತಾನೆ. ಯಾರಿಗೆ? ಅಳಿಸಿಹೋದ ಮನುಷ್ಯನಿಗೆ. ಪ್ರಶ್ನೆಯನ್ನು ಒರೆಸಿ ಉತ್ತರವನ್ನು ಮಾತ್ರ ಉಳಿಸಿದ ಉತ್ತರಪತ್ರಿಕೆಯಂತಿತ್ತು ಅದು. ಆ ಬಡಿತಕ್ಕೂ ನನ್ನ ಶಿಷ್ಯ ನುಡಿಸಿದ್ದಕ್ಕೂ ಯಾವ ಸಂಬಂಧವೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ಎರಡನೆಯ ವಾದ: "ನಮ್ಮ ತಂಬೂರಿ ಪೆಟ್ಟಿಗೆ ಯಂತ್ರವಲ್ಲವೇ? ಅದನ್ನು ಒಪ್ಪಿದವರು ಇದನ್ನೇಕೆ ಒಪ್ಪುವುದಿಲ್ಲ?" ಒಳ್ಳೆಯ ಪ್ರಶ್ನೆ. ಎಲೆಕ್ಟ್ರಾನಿಕ್ ತಂಬೂರಿ ನಮ್ಮ ಬೆಂಗಳೂರಿನದೇ ಕೊಡುಗೆ. ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಅದನ್ನು ರೂಪಿಸಿದರು. ಅದರಿಂದ ಮನೆಮನೆಯಲ್ಲಿ ಎಷ್ಟು ಮಕ್ಕಳ ಶ್ರುತಿ ನೆಟ್ಟಗಾಯಿತೆಂದು ನಾನು ಬಲ್ಲೆ. ಆದರೆ ತಂಬೂರಿಯಿಂದ ನಾವು ಉತ್ತರವನ್ನು ನಿರೀಕ್ಷಿಸುವುದಿಲ್ಲ. ಮೀಟುವವರು ಮನುಷ್ಯರೇ ಆದರೂ ಗಾಯಕ ಹಾಡಿದ್ದಕ್ಕೆ ತಂಬೂರಿ ಬದಲಾಗಬಾರದು. ಬದಲಾಗದಿರುವುದೇ ಅದರ ಧರ್ಮ. ಯಂತ್ರ ಆ ಧರ್ಮವನ್ನು ನಿಷ್ಠೆಯಿಂದ ಪಾಲಿಸುತ್ತದೆ. ಮೃದಂಗದ ಧರ್ಮ ಬೇರೆ, ಪಿಟೀಲಿನ ಧರ್ಮ ಬೇರೆ. ಕಲ್ಪನಾಸ್ವರದಲ್ಲಿ ಗಾಯಕ ಒಂದು ಆವರ್ತ ಹಾಡಿದರೆ ಪಿಟೀಲು ಅದನ್ನು ಕೇಳಿ ತನ್ನ ಮಾತು ಸೇರಿಸಿ ಹಿಂದಿರುಗಿಸಬೇಕು. ಬ್ಲೂಸ್‌ನ ಡ್ರಮ್ಸ್, ಬಾಸ್, ಪಿಯಾನೊಗಳು ಈ ಎರಡನೆಯ ಜಾತಿಗೆ ಸೇರಿದವು. ಶ್ರುತಿಪೆಟ್ಟಿಗೆಯ ಮುಂದೆ ಕುಳಿತವನು ತನ್ನೊಡನೆ ಪಕ್ಕವಾದ್ಯದವರಿದ್ದಾರೆಂದು ಭ್ರಮಿಸುವುದಿಲ್ಲ. ಟ್ರ್ಯಾಕಿನ ಮುಂದೆ ಕುಳಿತವನು ಭ್ರಮಿಸುತ್ತಾನೆ. ಕರಾವಳಿಯ ನನ್ನ ಶಿಷ್ಯರಿಗೆ ಒಂದೇ ಮಾತು ಸಾಕು: 'ಕೃಷ್ಣ ಸಂಧಾನ'ದ ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುವವರು, ಧ್ವನಿಮುದ್ರಿಸಿದ ಕೌರವನನ್ನು ಎದುರಿಗಿಟ್ಟುಕೊಂಡು ವಾದ ಕಲಿಯಬಹುದೇ?

ಮೂರನೆಯ ವಾದ ನಿಜಕ್ಕೂ ಬಲವಾದದ್ದು. "ಹೊಸಬರಿಗೆ ನಾಚಿಕೆ, ಹೆದರಿಕೆ. ಟ್ರ್ಯಾಕ್ ಯಾರನ್ನೂ ಹಂಗಿಸುವುದಿಲ್ಲ." 1936ರಲ್ಲಿ ಕಾನ್ಸಾಸ್ ಸಿಟಿಯ ರೀನೋ ಕ್ಲಬ್ಬಿನಲ್ಲಿ ಹದಿಹರೆಯದ ಚಾರ್ಲಿ ಪಾರ್ಕರ್ ದಾರಿ ತಪ್ಪಿದಾಗ ಡ್ರಮ್ಸ್‌ನ ಜೋ ಜೋನ್ಸ್ ಸಿಟ್ಟಿನಿಂದ ಕಂಚಿನ ತಾಳವನ್ನೇ ಅವನ ಕಾಲ ಬಳಿ ಎಸೆದರೆಂಬ ಕಥೆ ಪ್ರಸಿದ್ಧವಾಗಿದೆ. ಶಿಕ್ಷಕನಾಗಿ ನಾನು ತಾಳ ಎಸೆಯುವ ಬೋಧನಾಕ್ರಮವನ್ನು ಎಂದೂ ಒಪ್ಪಿದವನಲ್ಲ. ಅವಮಾನದಿಂದ ಕಲಿತವನೊಬ್ಬನ ಕಥೆ ನಮಗೆ ಗೊತ್ತಿದೆ. ಅವಮಾನದಿಂದ ವಾದ್ಯವನ್ನೇ ಬಿಟ್ಟವರ ಕಥೆಯನ್ನು ಯಾರು ಬರೆದಿಟ್ಟಿದ್ದಾರೆ? ಆದ್ದರಿಂದ ಮೊದಲ ವರ್ಷಕ್ಕೆ, ಸುತ್ತು ಮನಸ್ಸಿನಲ್ಲಿ ಕೂರುವವರೆಗೆ, ಬೆರಳು ತಾಳಕ್ಕೆ ಬೀಳುವವರೆಗೆ, ಟ್ರ್ಯಾಕ್ ಇರಲಿ. ಆದರೆ ತಾಳ ಎಸೆಯುವ ಮನುಷ್ಯನಿಗೂ, ಏನು ಮಾಡಿದರೂ ಒಂದೇ ಮುಖ ತೋರಿಸುವ ಯಂತ್ರಕ್ಕೂ ನಡುವೆ ಬೇಕಾದಷ್ಟು ಜಾಗವಿದೆ. ನೀವು ಸಪ್ಪೆಯಾಗಿ ನುಡಿಸಿದಾಗ ಸ್ವಲ್ಪ ಬಾಡುವ, ಒಂದು ಸ್ವರ ನೆಟ್ಟಗೆ ಬಿದ್ದಾಗ ಅರಳುವ ಸ್ನೇಹಿತನ ಮುಖ ಆ ಜಾಗದಲ್ಲಿದೆ. ಕಲಿಕೆ ನಡೆಯುವುದು ಅಲ್ಲಿ. ಎಲ್ಲ ಉತ್ತರಕ್ಕೂ ಸಮನಾಗಿ ಅಂಕ ಕೊಡುವ ಮೇಷ್ಟರನ್ನು ನೀವು ಇಷ್ಟಪಟ್ಟಿರಬಹುದು. ಅವರಿಂದ ಏನು ಕಲಿತಿರಿ, ಹೇಳಿ.

ನಾಲ್ಕನೆಯದು: "ಜೊತೆಗಾರರು ಸಿಗುವುದಿಲ್ಲ ಸರ್. ಕೆಲಸದಿಂದ ಮನೆಗೆ ಬರುವುದೇ ರಾತ್ರಿ ಒಂಬತ್ತಕ್ಕೆ." ಪರದೇಶದಲ್ಲಿರುವ ನಿಮ್ಮ ಒಂಟಿತನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂಟಿಯಾಗಿರುವವನಿಗೆ ಬ್ಲೂಸ್‌ನಲ್ಲಿ ಬೇರೆ ದಾರಿ ಮೊದಲಿನಿಂದಲೂ ಇದೆ. 1903ರ ಸುಮಾರಿಗೆ ಮಿಸಿಸಿಪಿಯ ಟಟ್ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಮನುಷ್ಯ ಚಾಕುವನ್ನು ಗಿಟಾರಿನ ತಂತಿಗಳ ಮೇಲೆ ಒತ್ತಿ ನುಡಿಸುತ್ತ ಹಾಡುತ್ತಿದ್ದುದನ್ನು ಸಂಗೀತಗಾರ ಡಬ್ಲ್ಯು. ಸಿ. ಹ್ಯಾಂಡಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಆ ಅನಾಮಿಕನಿಗೆ ಪಕ್ಕವಾದ್ಯದವರು ಇರಲಿಲ್ಲ. ಅವನ ಗಂಟಲಿಗೆ ಅವನ ಗಿಟಾರೇ ಉತ್ತರ ಹೇಳುತ್ತಿತ್ತು. ನೀವೂ ಒಂದು ಸಾಲು ಹಾಡಿ, ಕನ್ನಡದಲ್ಲೇ ಆಗಲಿ, ಕಂಠ ಕೆಟ್ಟದಾಗಿದ್ದರೂ ಆಗಲಿ. ಆಮೇಲೆ ಗಿಟಾರಿನಲ್ಲಿ ಅದಕ್ಕೆ ಉತ್ತರ ಕೊಡಿ. ಪಾದದಿಂದ ತಾಳ ಹಾಕಿ. ಹೆಬ್ಬೆರಳಿನಿಂದ ಮಂದ್ರದ ತಂತಿ ಮೀಟಿ. ಆಗ ಕೋಣೆಯಲ್ಲಿ ಇಬ್ಬರಿರುತ್ತಾರೆ, ಇಬ್ಬರೂ ನೀವೇ. ಟ್ರ್ಯಾಕ್ ಹಾಕಿದಾಗ ನಾಲ್ವರು ಇದ್ದಂತೆ ಕಾಣುತ್ತದೆ, ಎಣಿಸಿದರೆ ಒಬ್ಬರೂ ಇರುವುದಿಲ್ಲ.

ಇಲ್ಲಿ ರಾಬರ್ಟ್ ಜಾನ್ಸನ್ನರ ಪ್ರಸಿದ್ಧ ದಂತಕಥೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. 1911ರಲ್ಲಿ ಹುಟ್ಟಿ 1938ರಲ್ಲಿ ತೀರಿಕೊಂಡ ಆತ, 1936 ಮತ್ತು 1937ರಲ್ಲಿ ಟೆಕ್ಸಸ್‌ನ ಎರಡು ಊರುಗಳಲ್ಲಿ ಒಟ್ಟು 29 ಹಾಡುಗಳನ್ನು ಮುದ್ರಿಸಿ ಹೋದರು. ಹುಡುಗನಾಗಿದ್ದಾಗ ಅವರ ಗಿಟಾರನ್ನು ಕೇಳಲಾಗುತ್ತಿರಲಿಲ್ಲವೆಂದು ಹಿರಿಯ ಬ್ಲೂಸ್ ಗಾಯಕ ಸನ್ ಹೌಸ್ ನೆನಪಿಸಿಕೊಂಡಿದ್ದಾರೆ. ಆತ ಕೆಲಕಾಲ ಊರು ಬಿಟ್ಟು ಹೋಗಿ ಮರಳಿ ಬಂದಾಗ ಎಲ್ಲರೂ ಬೆರಗಾದರು. ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆದನೆಂಬ ಕಥೆ ಹುಟ್ಟಿಕೊಂಡಿತು. ಇಂದಿಗೂ ಅದನ್ನೇ ಹೇಳುತ್ತಾರೆ. ಆದರೆ ಸಂಶೋಧಕರು ಕಂಡುಕೊಂಡದ್ದು ಬೇರೆ. ಆತ ಮಿಸಿಸಿಪಿಯ ಹೇಜಲ್‌ಹರ್ಸ್ಟ್ ಕಡೆಗೆ ಹೋಗಿ ಐಕ್ ಜಿಮರ್‌ಮನ್ ಎಂಬ ಗಿಟಾರ್ ವಾದಕರ ಬಳಿ ಇದ್ದು ಕಲಿತರು. ಯಾರಿಗೂ ತೊಂದರೆಯಾಗದಂತೆ ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕುಳಿತು ನುಡಿಸುತ್ತಿದ್ದರೆಂದು ಜಿಮರ್‌ಮನ್ ಮನೆಯವರು ಹೇಳಿದ್ದಾರೆ. ಇಬ್ಬರು, ಎದುರುಬದುರಾಗಿ. ಜಗತ್ತು ಸೈತಾನನನ್ನು ನೆನಪಿಟ್ಟುಕೊಂಡು ಮೇಷ್ಟರನ್ನು ಮರೆಯಿತು. ಒಬ್ಬಂಟಿಯಾಗಿ ನಡುರಾತ್ರಿಯ ಒಂದು ವ್ಯವಹಾರದಲ್ಲಿ, ಯಾರ ಹಂಗೂ ಇಲ್ಲದೆ, ವಿದ್ಯೆ ಸಿಕ್ಕಿಬಿಡುತ್ತದೆಂಬ ಆಸೆ ಹಳೆಯದು. ಅಂದು ಅದರ ಹೆಸರು ಸೈತಾನ. ಇಂದು ಅದು ಹತ್ತು ನಿಮಿಷದ ಟ್ರ್ಯಾಕಾಗಿ ಬಂದಿದೆ.

ಟೀಕಿಸಿದವನು ದಾರಿಯನ್ನೂ ಹೇಳಬೇಕು. ಟ್ರ್ಯಾಕಿನೊಡನೆ ನುಡಿಸುವ ಹೊತ್ತನ್ನು ಅರ್ಧಕ್ಕೆ ಇಳಿಸಿ. ಉಳಿದ ಅರ್ಧದಲ್ಲಿ ಒಬ್ಬ ಹಿರಿಯನ ಒಂದೇ ಮುದ್ರಿಕೆಯನ್ನು ಹಿಡಿದು, ಆತ ಎಲ್ಲಿ ಸುಮ್ಮನಾದ ಎಂಬುದನ್ನು ಕಾಗದದ ಮೇಲೆ ಗುರುತು ಹಾಕಿ. ನಿಮ್ಮಲ್ಲಿ ಕರ್ನಾಟಕ ಸಂಗೀತ ಕಲಿತವರು ಅವರ ಸ್ವರಗಳಲ್ಲಿ ಶುದ್ಧಧನ್ಯಾಸಿಯ ಮೆಟ್ಟಿಲುಗಳನ್ನು ಥಟ್ಟನೆ ಗುರುತಿಸುತ್ತೀರಿ. ಅಲ್ಲಿಗೇ ನಿಲ್ಲಬೇಡಿ, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ತಂತಿಯನ್ನು ಎಷ್ಟು ಎಳೆದರು, ಯಾವ ಮಾತಿನ ಮೇಲೆ ಎಳೆದರು ಎಂದು ಕೇಳಿ. ಟ್ರ್ಯಾಕ್ ಹಾಕಿದಾಗಲೂ ಎರಡು ಬಾರ್ ನುಡಿಸಿ, ಎರಡು ಬಾರ್ ಕೈ ಎತ್ತಿ. ಮೊದಮೊದಲು ಆ ಎರಡು ಬಾರ್ ಎಷ್ಟು ದೀರ್ಘವಾಗಿ ತೋರುತ್ತವೆಂದು ನಿಮಗೇ ಆಶ್ಚರ್ಯವಾದೀತು. ತಿಂಗಳಿಗೆ ಒಂದು ಸಲವಾದರೂ ಒಬ್ಬ ಮನುಷ್ಯನೊಡನೆ ನುಡಿಸಿ. ಆತ ನಿಮಗಿಂತ ಕಡಿಮೆ ಬಲ್ಲವನಾದರೂ ಚಿಂತೆಯಿಲ್ಲ. ತಂಗಿ ಡಬ್ಬ ಬಾರಿಸಲಿ, ಪಕ್ಕದ ಮನೆಯ ಹುಡುಗ ತಬಲ ತರಲಿ. ಮತ್ತು ಅರ್ಧ ಹೊತ್ತು ನೀವು ಪಕ್ಕವಾದ್ಯದವರಾಗಿರಿ. ಇನ್ನೊಬ್ಬರ ಹಾಡಿಗೆ ಸ್ವರಗುಚ್ಛ ಹಿಡಿಯುವುದನ್ನು ಕಲಿಯದವನಿಗೆ ಮುಖ್ಯವಾದ್ಯದ ಜಾಗದಲ್ಲಿ ಕೂರುವ ಅರ್ಹತೆ ಬರುವುದಿಲ್ಲ. ಮಿಸಿಸಿಪಿಯಿಂದ 1943ರಲ್ಲಿ ಷಿಕಾಗೋಕ್ಕೆ ಬಂದ ಮಡ್ಡಿ ವಾಟರ್ಸ್ ಕಟ್ಟಿದ ಮೇಳ ಅಷ್ಟು ಗಟ್ಟಿಯಾದದ್ದು ಹೀಗೆ: ಅವರು ತಾಳದ ಕೊಂಚ ಹಿಂದೆ ಜೋತುಬಿದ್ದು ಹಾಡುತ್ತಿದ್ದರು, ಲಿಟಲ್ ವಾಲ್ಟರ್ ಮತ್ತು ಜಿಮ್ಮಿ ರಾಜರ್ಸ್ ಆ ಹಿಂಜಗ್ಗುವಿಕೆಯನ್ನು ಅರಿತು ನುಡಿಸುತ್ತಿದ್ದರು.

ಮೇಲೆ ಹೇಳಿದ ಆ ಹುಡುಗ ಮತ್ತು ಅವನ ಸ್ನೇಹಿತ ಈಗ ಭಾನುವಾರಗಳಲ್ಲಿ ಕೂರುತ್ತಾರೆ. ಮೊದಲಿಗಿಂತ ಕಡಿಮೆ ಸ್ವರ ನುಡಿಸುತ್ತಾನೆ, ಮೊದಲಿಗಿಂತ ಹೆಚ್ಚು ತಪ್ಪುತ್ತಾನೆ, ತಪ್ಪಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ನೀವು ಇದನ್ನು ಒಪ್ಪದಿದ್ದರೆ ಖಂಡಿತ ನನ್ನೊಡನೆ ಜಗಳವಾಡಿ. ತರಗತಿಯಲ್ಲೂ ನಾನು ಅದನ್ನು ಬೇಡವೆಂದವನಲ್ಲ. ಆದರೆ ಮುಂದಿನ ಸಲ ನನಗೆ ನಿಮ್ಮ ನುಡಿಸಾಣಿಕೆ ಕಳುಹಿಸುವಾಗ ಇಬ್ಬರು ಕೂಡಿ ನುಡಿಸಿದ್ದನ್ನು ಕಳುಹಿಸಿ. ಹೇಗಿದ್ದರೂ ಪೂರ್ತಿ ಕೇಳುತ್ತೇನೆ.